ಮೂರನೇ ಗೇಟಿನ ಗ್ರೀಸಪ್ಪ

ಹಳೇ ಅಣೆಕಟ್ಟಿನ ಗೇಟು ಎತ್ತುವವನಿಗೆ ಊರವರು ಇಟ್ಟ ಹೆಸರು ಗ್ರೀಸಪ್ಪ. ಅವನು ಗ್ರೀಸು ಹಚ್ಚುತ್ತಿದ್ದದ್ದು ನಿಜ, ಆದರೆ ಮೂರನೇ ಗೇಟಿಗೆ ಮಾತ್ರ. ತಪಾಸಣೆಗೆ ಬರುವ ಸಾಹೇಬರ ಜೀಪು ನಿಲ್ಲುವುದು ಅಲ್ಲೇ, ನೆರಳಿರುವುದೂ ಅಲ್ಲೇ. ಚಕ್ರ ತಿರುಗಿಸಿದರೆ ಸಾಕು, ಆ ಗೇಟು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಮೇಲೇಳುತ್ತಿತ್ತು. ಸಾಹೇಬರು ತಲೆಯಾಡಿಸಿ, ಟೀ ಕುಡಿದು, ಬಂದ ದಾರಿ ಹಿಡಿಯುತ್ತಿದ್ದರು. ಉಳಿದ ಗೇಟುಗಳು ತುಕ್ಕು ತಿಂದು ಅಲ್ಲಾಡದೆ ಕೂತಿದ್ದವು. ಗೋಡೆಯ ಬಿರುಕಿನಲ್ಲಿ ಗಿಡ ಹುಟ್ಟಿದರೆ ಕಿತ್ತೆಸೆದು, ಮೇಲೊಂದಿಷ್ಟು ಸುಣ್ಣ ಬಳಿದು, "ಇನ್ನೂ ನೂರು ವರ್ಷ ಗುಂಡುಕಲ್ಲಿನ ಹಾಗಿರುತ್ತೆ" ಎಂದು ಮೀಸೆ ತಿರುವುತ್ತಿದ್ದ. ನಾಚಿಕೆ ಅನ್ನುವುದು ಆ ಮಹಾಶಯನ ಹತ್ತಿರವೂ ಸುಳಿದಿರಲಿಲ್ಲ.

ಮಗಳಿಗೊಂದು ಸಂಬಂಧ ಕೂಡಿಬಂತು. ಹುಡುಗ ಮೇಷ್ಟ್ರು; ಮನೆ ಅಣೆಕಟ್ಟಿನ ಕೆಳಗಿನ ಕಾಲುವೆ ಬೀದಿಯಲ್ಲಿ. ಎಲ್ಲರೂ ಒಪ್ಪಿದರು. ಗ್ರೀಸಪ್ಪ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಹುಡುಗನಲ್ಲಿ ಏನ್ರೀ ಐಬು?" ಎಂದು ಹೆಂಡತಿ ಸಿಡುಕಿದಳು.

"ಹುಡುಗ ಅಪರಂಜಿ. ಮನೆ ಇರೋ ಜಾಗ ಸರಿಯಿಲ್ಲ."

"ಕಟ್ಟೆ ಗುಂಡುಕಲ್ಲು ಅಂತ ಊರಿಗೆಲ್ಲ ಡಂಗುರ ಸಾರೋರು ನೀವೇ ಅಲ್ವಾ?"

"ಅದು ಊರಿನವರಿಗೆ ಹೇಳೋ ಮಾತು ಕಣೇ. ಇವಳು ನನ್ನ ಮಗಳು."