ಪುಟ್ಟಸ್ವಾಮಿ ಸಾರ್ ಓದುತ್ತಿದ್ದ ಸುದ್ದಿ

ಪುಟ್ಟಸ್ವಾಮಿ ಸಾರ್ ಕಂಪ್ಯೂಟರ್ ಮುಂದೆ ಕೂತರೆಂದರೆ ತಲೆಯನ್ನು ಎಡಕ್ಕೆ ಕೊಂಚ ವಾಲಿಸಿಕೊಳ್ಳುತ್ತಿದ್ದರು, ಪಕ್ಕದ ಮನೆಯ ಜಗಳಕ್ಕೆ ಕಿವಿಗೊಟ್ಟವರ ಹಾಗೆ. ಅವರ ಜೊತೆಯವರು ಪರದೆಯೊಳಗೆ ಮುಖ ತೂರಿಸಿಕೊಂಡು ಕೆಲಸ ಮಾಡಿದರೆ ಇವರು ಮಾತ್ರ ಓರೆಯಾಗಿ ಕೂತು, ಗೋಡೆ ನೋಡುತ್ತಾ, ಕೀಲಿಮಣೆಯ ಮೇಲೆ ಬೆರಳಾಡಿಸುತ್ತಿದ್ದರು. ಅದು ಅವರ ಗತ್ತು ಎಂದು ನಾನು ಬಹಳ ಕಾಲ ತಿಳಿದಿದ್ದೆ.

ನಾನು ಬ್ಯಾಟರಿ, ಇನ್ವರ್ಟರ್ ಕೆಲಸದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಒಂದು ಗ್ಯಾರೇಜಿನಲ್ಲಿ ಬ್ಯಾಟರಿಗೆ ನೀರು ಹಾಕುವುದರಿಂದ ಶುರು ಮಾಡಿದೆ. ಈಗ ನಂಜನಗೂಡಿನಲ್ಲಿ, ತಾಂಡ್ಯದ ಫ್ಯಾಕ್ಟರಿಗಳ ಕಡೆ ಹೋಗುವ ರಸ್ತೆಯಲ್ಲಿ, ಸ್ವಂತ ಕಟ್ಟಡವಿದೆ. ಕೆಳಗೆ ನನ್ನ ಅಂಗಡಿ, ಮೇಲೆ ಬಾಡಿಗೆಗೆ ಒಂದು ದೊಡ್ಡ ಕೋಣೆ. ಇಡೀ ಕಟ್ಟಡದ ವೈರಿಂಗ್ ನನ್ನದೇ. ಇನ್ನೊಬ್ಬರ ಕೈ ತಾಗಿಸಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಅಂದರೂ ಸರಿಯೇ.

ಆ ಮೇಲಿನ ಕೋಣೆಗೆ ಬಂದವರು ಪುಟ್ಟಸ್ವಾಮಿ ಸಾರ್. ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯವರು, ಒಕ್ಕಲು ಮನೆತನ. ಮೈಸೂರಿನಲ್ಲಿ ಬಹಳ ವರ್ಷ ಬೇರೆಯವರ ಕೈಕೆಳಗೆ ಸಾಫ್ಟ್‌ವೇರ್ ಬರೆದು, ಸಾಕಾಗಿ, ಇಲ್ಲಿ ಸ್ವಂತಕ್ಕೆ ಶುರು ಮಾಡಿದ್ದರು. ತಾಂಡ್ಯದ ಫ್ಯಾಕ್ಟರಿಗಳ ಗೇಟ್ ಪಾಸು, ಲಾರಿಗಳ ತೂಕ, ಕೆಲಸಗಾರರ ಹಾಜರಿ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ನಡೆಸುವ ಏರ್ಪಾಡು ಮಾಡಿಕೊಡುವುದು ಅವರ ಕೆಲಸ. ಜೊತೆಗೆ ಇಬ್ಬರು: ತಾಂಡವಪುರದ ಸೌಮ್ಯ, ನಮ್ಮ ನಂಜನಗೂಡಿನವನೇ ಆದ ಚೇತನ್. ಇಬ್ಬರೂ ಇಂಜಿನಿಯರಿಂಗ್ ಓದಿದವರು.

ಬೆಳಿಗ್ಗೆ ಬಂದ ಕೂಡಲೇ ಆ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಪುಟ್ಟಸ್ವಾಮಿ ಸಾರ್ ತಮ್ಮ ಕಂಪ್ಯೂಟರಿನಿಂದ ತಂತ್ರಜ್ಞಾನದ ಸುದ್ದಿಯನ್ನು ಗಟ್ಟಿಯಾಗಿ ಓದಬೇಕು, ಉಳಿದಿಬ್ಬರು ಟೀ ಕುಡಿಯುತ್ತಾ ಕೇಳಬೇಕು, ಆಮೇಲೆ ಮೂವರೂ ಕಿತ್ತಾಡಬೇಕು. ಇಂಗ್ಲಿಷ್ ಸುದ್ದಿಯನ್ನು ಅವರು ಅಲ್ಲೇ ನಮ್ಮ ಮಾತಿಗೆ ತಿರುಗಿಸಿ ಓದುತ್ತಿದ್ದುದರಿಂದ ನನಗೂ ಅರ್ಥವಾಗುತ್ತಿತ್ತು. ಬ್ಯಾಟರಿ ನೋಡುವ ನೆಪದಲ್ಲಿ ಆ ಹೊತ್ತಿಗೆ ನಾನೂ ಮೇಲೆ ಹತ್ತುತ್ತಿದ್ದೆ.

ಜಗಳವೆಲ್ಲ ಬ್ರೌಸರ್‌ಗಳದ್ದು. ಇಂಟರ್‌ನೆಟ್ಟಿನ ಪುಟ ತೆರೆದು ತೋರಿಸುವ ಆ ಬಾಗಿಲುಗಳಿಗೆ ಏನೇನೋ ಹೆಸರಿವೆ; ನಾನು ಅವುಗಳ ಚಿತ್ರ ನೋಡಿ ಚಕ್ರ, ನರಿ, ನೀಲಿ ಅಕ್ಷರ ಎನ್ನುತ್ತಿದ್ದೆ. ಕೊನೆಗೆ ಅವರೂ ಹಾಗೇ ಕರೆಯತೊಡಗಿದರು. ಚೇತನ್ ಚಕ್ರದ ಪಾರ್ಟಿ, ಪುಟ್ಟಸ್ವಾಮಿ ಸಾರ್ ನರಿ ಪಾರ್ಟಿ.

"ಲೇ ಚೇತನ, ನಿನ್ ಚಕ್ರ ಏನ್ಲಾ ಇಷ್ಟು ತಿಂತದೆ? ಎಷ್ಟು ಮೆಮರಿ ಆಕುದ್ರೂ ಇನ್ನೂ ಬಡ್ಸಿ ಅಂತದೆ, ಬೀಗರೂಟಕ್ಕೆ ಬಂದೋರಂಗೆ."

"ತಿಂದಷ್ಟು ದುಡೀತದೆ ಸಾ. ನಿಮ್ಮ ನರೀನ ಇಟ್ಕೊಂಡಿರೋರು ಪ್ರಪಂಚದಲ್ಲಿ ನಾಕು ಜನ ಇಲ್ಲ."

"ಆ ನಾಕು ಜನದಲ್ಲಿ ನಾನೊಬ್ಬ ಕಣ್ಲಾ. ಪ್ರಪಂಚಕ್ಕೆಲ್ಲಾ ಒಂದೇ ಬ್ರೌಸರ್ ಆಗೋದ್ರೆ ಅದು ಆಡಿದ್ದೇ ಆಟ. ಆಮೇಲೆ ನಿನ್ ಮಾತ್ ಯಾರ್ಲಾ ಕೇಳ್ತಾರೆ?"

ಸೌಮ್ಯ ಎರಡೂ ಪಾರ್ಟಿಯವಳಲ್ಲ. "ನೀಲಿ ಅಕ್ಷರದ್ದು ಸತ್ತೇ ಹೋಯ್ತಲ್ಲ ಸಾ, ಅದಕ್ಕೂ ಹೊಂದೋ ಹಂಗೆ ಇನ್ನೂ ಯಾಕೆ ಬರೀಬೇಕು?" ಎಂದು ಅವಳು ಒಮ್ಮೆ ರೇಗಿದಳು.

"ಸತ್ತೋಗಿದೀಯ ಅಂತ ಅದ್ಕೆ ಯಾರೂ ಯೋಳಿಲ್ಲ ಕಣವ್ವ. ತಾಂಡ್ಯದ ತೂಕದ ಮನೇಲಿ ಇನ್ನೂ ದುಡೀತಾ ಕುಂತದೆ."

ನನ್ನನ್ನು ಕೇಳಿದರೆ, "ಯಾವ್ದು ಕರೆಂಟ್ ಕಮ್ಮಿ ತಿಂತದೋ ನಾನು ಆ ಪಾರ್ಟಿ ಸಾ" ಎನ್ನುತ್ತಿದ್ದೆ.

ಪುಟ್ಟಸ್ವಾಮಿ ಸಾರ್ ಅವರದ್ದು ಇನ್ನೊಂದು ಕಟ್ಟಳೆ ಇತ್ತು. ಶನಿವಾರ ಬಂತೆಂದರೆ ಮೂರು ಕಂಪ್ಯೂಟರಿನ ಮೌಸನ್ನೂ ಕಿತ್ತು ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿಯುತ್ತಿದ್ದರು. ಇಡೀ ದಿನ ಬರೀ ಕೀಲಿಮಣೆಯಲ್ಲಿ ಕೆಲಸ. ತಾವು ಮಾಡಿದ ಪುಟಗಳು ಹಾಗೆ ನಡೆಯದಿದ್ದರೆ ಬಿಚ್ಚಿ ಹೊಸದಾಗಿ ಬರೆಯಬೇಕು. ಚೇತನ್ ಗೊಣಗುತ್ತಿದ್ದ. ಅದಕ್ಕೆ ಅವರ ಉತ್ತರ ಸಿದ್ಧವಿತ್ತು: "ಗೇಟ್ನಾಗಿರೋನು ಒಂದ್ ಕೈಲಿ ಲಾರಿ ನಿಲ್ಲಿಸ್ತಾನೆ, ಇನ್ನೊಂದ್ ಕೈಲಿ ಕೀ ಒತ್ತುತಾನೆ. ಮೌಸ್ ಇಡ್ಯಾಕೆ ಆ ಪುಣ್ಯಾತ್ಮಂಗೆ ಮೂರ್ನೇ ಕೈ ಎಲ್ಲಿಂದ ತಂದ್ಕೊಡ್ಲಿ?" ಮಾತು ನ್ಯಾಯವಾಗಿತ್ತು. ಅದರ ಹಿಂದೆ ಇನ್ನೊಂದು ಕಾರಣ ಇರಬಹುದೆಂದು ಯಾರಿಗೂ ಅನ್ನಿಸಲಿಲ್ಲ.

ಅದು ನನಗೆ ತಿಳಿದದ್ದು ಹೀಗೆ. ಅವರ ಮೇಜಿನ ಕೆಳಗೆ ಒಂದು ಸಾಕೆಟ್ ಬಿಸಿಯಾಗಿ ಸುಡುತ್ತಾ ಬಂದಿತ್ತು. ಬೆಳಿಗ್ಗೆಯೇ ಬದಲಾಯಿಸೋಣವೆಂದು ಹೋಗಿ ಮೇಜಿನ ಕೆಳಗೆ ಕೂತೆ. ಪರದೆಯ ಪ್ಲಗ್ ಮಾತ್ರ ಆ ಸಾಕೆಟ್ಟಿನಲ್ಲಿತ್ತು. ಕಂಪ್ಯೂಟರಿನದು ಬೇರೆ ಲೈನು. ಹೇಳಿ ತೆಗೆಯೋಣವೆಂದರೆ ಪುಟ್ಟಸ್ವಾಮಿ ಸಾರ್ ಭಾರಿ ಹುರುಪಿನಲ್ಲಿ ಸುದ್ದಿ ಓದುತ್ತಿದ್ದರು. ಪ್ಲಗ್ ಕಿತ್ತೆ. ಪರದೆ ಕಪ್ಪಾದ ಕೂಡಲೇ "ಏನ್ ಸಿದ್ರಾಜಣ್ಣ ಇದು" ಎನ್ನುತ್ತಾರೆಂದು ಕಾದೆ.

ಅವರು ಓದುತ್ತಲೇ ಇದ್ದರು.

"ಇನ್ಮೇಲೆ ನಾವು ಪುಟ ಓದೋದೇ ಬ್ಯಾಡ್ವಂತೆ. ಬ್ರೌಸರೇ ಓದಿ, ಇಷ್ಟೇ ಕಣಪ್ಪ ಇದ್ರಾಗಿರೋದು ಅಂತ ಯೋಳ್ಬುಡ್ತದಂತೆ." ಬೆರಳು ಕೀಲಿಯ ಮೇಲೆ ಪುಟ ಸರಿಸಿದಂತೆ ಆಡುತ್ತಿತ್ತು. ನಾನು ಮೇಜಿನ ಕೆಳಗಿನಿಂದ ಮುಖ ಎತ್ತಿ ನೋಡಿದೆ. ಎದುರಿಗೆ ಕಪ್ಪು ಗಾಜು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದಿತ್ತು. "ಇಲ್ಲಿ ಫೋಟೋ ಬೇರೆ ಆಕವ್ರೆ ನೋಡು, ಎಂಗ್ ಕಾಣ್ತದೆ ಅಂತ."

"ಎಲ್ಲಿ ಸಾ ಫೋಟೋ?" ಎಂದು ಸೌಮ್ಯ ಟೀ ಲೋಟ ಇಟ್ಟು ಎದ್ದಳು.

ನನ್ನ ಕೈ ತಾನಾಗಿಯೇ ಪ್ಲಗ್ಗನ್ನು ಪಕ್ಕದ ತೂತಿಗೆ ತುರುಕಿತು. ಅವಳು ಬರುವಷ್ಟರಲ್ಲಿ ಪರದೆ ಹೊತ್ತಿಕೊಂಡಿತು. ಸುದ್ದಿಯೂ ಇರಲಿಲ್ಲ, ಫೋಟೋವೂ ಇರಲಿಲ್ಲ. ಪಾಸ್‌ವರ್ಡ್ ಕೇಳುವ ಖಾಲಿ ಪುಟವೊಂದು ಇತ್ತು. ಪುಟ್ಟಸ್ವಾಮಿ ಸಾರ್ ಬಾಯಿ ತೆರೆದವರು ತೆರೆದಂತೆಯೇ ಇದ್ದರು. ನಾನು ಕೆಳಗಿನಿಂದಲೇ ಕೂಗಿದೆ: "ನಾನು ಪ್ಲಗ್ ಕಿತ್ಬುಟ್ಟೆ ಕಣವ್ವ, ಅದ್ಕೇ ಪೇಜು ಓಗದೆ."

ಇಂಜಿನಿಯರಿಂಗ್ ಓದಿದ ಹುಡುಗಿ. ಪರದೆಯ ಪ್ಲಗ್ ಕಿತ್ತರೆ ಪುಟ ಹೋಗುವುದಿಲ್ಲವೆಂದು ಅವಳಿಗೆ ತಿಳಿಯದೆ? ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. "ಓ, ಹೌದಾ" ಎಂದು ಹೋಗಿ ಕೂತಳು.

ಅವತ್ತು ನಾನು ಸಾಕೆಟ್ ಬದಲಾಯಿಸಿ ಕೆಳಗಿಳಿದೆ. ಆದರೆ ಅಂದಿನಿಂದ ನೋಡುತ್ತಾ ಹೋದೆ. ಸಂಜೆ ರಸ್ತೆಯಲ್ಲಿ ನಿಂತರೆ ಬೇರೆ ಯಾರಾದರೂ ಕೈ ತೋರಿಸುವವರೆಗೆ ಇವರು ನರಸೀಪುರದ ಬಸ್ಸಿಗೆ ಕೈ ತೋರಿಸುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆಗೆ ಭುಜ ತಾಗಿಸಿಕೊಂಡು ಇಳಿಯುತ್ತಿದ್ದರು. ಮಾರನೇ ವಾರ ನಾನು ಮೆಟ್ಟಿಲಿನ ಉದ್ದಕ್ಕೂ ಕಬ್ಬಿಣದ ಕಂಬಿ ಹಾಕಿಸಿದೆ. ಕೇಳಿದವರಿಗೆ ಬ್ಯಾಟರಿ ಹೊತ್ತು ಹತ್ತಲು ಅನುಕೂಲ ಅಂದೆ.

ಪುಟ್ಟಸ್ವಾಮಿ ಸಾರ್ ಕಂಬಿಯ ಮೇಲೆ ಕೈಯಾಡಿಸುತ್ತಾ ಕೆಳಗೆ ಬಂದು ನನ್ನ ಬೆಂಚಿನ ಮೇಲೆ ಕೂತರು. "ಬ್ಯಾಟ್ರಿ ಒರೋನ ಎರಡೂ ಕೈ ಬ್ಯಾಟ್ರಿ ಮೇಲೇ ಇರ್ತದೆ. ಕಂಬಿ ಯಾವ ಕೈಲಿ ಇಡೀತೀರಿ ಸಿದ್ರಾಜಣ್ಣ?"

ನಾನು ಬ್ಯಾಟರಿಯ ತುದಿ ಉಜ್ಜುತ್ತಾ ಇದ್ದುಬಿಟ್ಟೆ.

"ಅವತ್ತು ಪರದೆ ಆರೋಗಿತ್ತಾ?"

"ಊಂ ಸಾ."

"ಎಲ್ಲಿಂದ?"

"ಪುಟ ಓದೋದೇ ಬ್ಯಾಡ್ವಂತೆ ಅಂದ್ರಲ್ಲ, ಅಲ್ಲಿಂದ್ಲೂ."

ಅವರು ನಕ್ಕರು. ಆಮೇಲೆ ಎಲ್ಲವನ್ನೂ ಹೇಳಿದರು. ಹುಡುಗತನದಿಂದಲೂ ಕತ್ತಲಲ್ಲಿ ಕಾಣುತ್ತಿರಲಿಲ್ಲವಂತೆ. ಕಣ್ಣಿನೊಳಗಿನ ಪರದೆ ಒಣಗುತ್ತಾ ಬರುವ ಕಾಯಿಲೆ, ಔಷಧಿಯಿಲ್ಲ ಎಂದು ಮೈಸೂರಿನಲ್ಲಿ ಡಾಕ್ಟರು ಕೈಚೆಲ್ಲಿದ್ದರಂತೆ. "ಪೈಪ್ ಒಳಗಿಂದ ನೋಡ್ದಂಗೆ ಇತ್ತು. ಈಗ ಆ ಪೈಪ್ಗೂ ಮುಚ್ಚಳ ಬಿತ್ತು." ಬೆಳಿಗ್ಗೆ ಮನೆಯಲ್ಲಿ ಫೋನು ಸುದ್ದಿ ಓದಿ ಹೇಳುತ್ತದೆ; ಅದನ್ನು ಕಿವಿಗೆ ಹಾಕಿಕೊಂಡು, ಬಸ್ಸಿನಲ್ಲಿ ಇನ್ನೊಮ್ಮೆ ಕೇಳಿ, ಮನಸ್ಸಿನಲ್ಲಿಟ್ಟುಕೊಂಡು ಬಂದು ಇಲ್ಲಿ ಒಪ್ಪಿಸುತ್ತಿದ್ದರು. ಕೆಲಸವೂ ಹಾಗೇ, ನಾವು ಹಾಡಿಗೆಂದು ತಿಳಿದಿದ್ದ ಇಯರ್‌ಫೋನಿನಲ್ಲಿ ಕಂಪ್ಯೂಟರು ಹೇಳಿದ್ದನ್ನು ಕೇಳಿಕೊಂಡೇ. ನರಿಯ ಮೇಲೆ ಅವರಿಗಿದ್ದ ಪ್ರೀತಿಗೂ ಕಾರಣ ಅದೇ. ಅವರು ಬಳಸುತ್ತಿದ್ದ, ಪರದೆ ಓದಿ ಹೇಳುವ ಯಂತ್ರದ ಜೊತೆ ಅವರ ಕೈಗೆ ಪಳಗಿದ್ದು ಅದೊಂದೇ.

"ಹುಡುಗ್ರಿಗೆ ಯೋಳಿ ಸಾ."

"ಯೋಳುದ್ರೆ ಫ್ಯಾಕ್ಟರಿವರ್ಗೂ ಓಯ್ತದೆ. ಕಣ್ ಕಾಣ್ದೋನು ಸಾಫ್ಟ್‌ವೇರ್ ಮಾಡ್ತಾನೆ ಅಂದ್ರೆ ಅಯ್ಯೋ ಪಾಪ ಅಂತಾರೆ. ಅಯ್ಯೋ ಪಾಪ ಅಂದ್ಮೇಲೆ ಕೆಲ್ಸ ಕೊಡಾಕಿಲ್ಲ. ಕೊಟ್ರೂ ಅದು ಕೆಲ್ಸ ಅಲ್ಲ ಸಿದ್ರಾಜಣ್ಣ, ದಾನ."

ಆಸಿಡ್ ಬಿದ್ದು ನನ್ನ ಎಡಗೈಯ ಎರಡು ಬೆರಳು ಮಡಿಸಲು ಬರುವುದಿಲ್ಲ. ಬ್ಯಾಟರಿ ಎತ್ತುವಾಗ ಯಾರಾದರೂ "ಬಿಡಿ ಯಜಮಾನ್ರೇ, ನಾನ್ ಎತ್ತುತೀನಿ" ಎಂದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಆ ವರ್ಷವೇ ತಾಂಡ್ಯದ ದೊಡ್ಡ ಫ್ಯಾಕ್ಟರಿಯೊಂದರ ಕೆಲಸಕ್ಕೆ ಕರೆ ಬಂತು; ಮೊದಲು ಮಾಡಿ ತೋರಿಸಬೇಕು, ಮೆಚ್ಚಿದರೆ ಮಾತ್ರ ಕೆಲಸ. ಮೂವರೂ ತಿಂಗಳುಗಟ್ಟಲೆ ದುಡಿದರು. ಅದು ಕೈಗೆ ಬಂದರೆ ಮಾತ್ರ ಮೇಲಿನ ಕೋಣೆ ಉಳಿಯುತ್ತದೆ ಎಂಬ ಸ್ಥಿತಿ. ತೋರಿಸುವ ದಿನ ಮೂವರನ್ನೂ ನನ್ನ ವ್ಯಾನಿನಲ್ಲೇ ಕರೆದುಕೊಂಡು ಹೋದೆ. ಅಲ್ಲಿನ ಗೇಟಿನ ಇನ್ವರ್ಟರ್ ನೋಡುವವನೂ ನಾನೇ ಆದ್ದರಿಂದ ನನ್ನನ್ನೂ ಒಳಗೆ ಬಿಟ್ಟರು. ಮ್ಯಾನೇಜರ್ ಕೋಣೆಯಲ್ಲಿ ಪುಟ್ಟಸ್ವಾಮಿ ಸಾರ್ ತಮ್ಮ ಲ್ಯಾಪ್‌ಟಾಪ್ ತೆರೆದು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತೋರಿಸತೊಡಗಿದರು. ಲಾರಿ ಬಂತು, ಪಾಸ್ ಆಯಿತು, ತೂಕ ಬಂತು. ನೀರು ಹರಿದಂತೆ ಹೋಗುತ್ತಿತ್ತು.

ಇದ್ದಕ್ಕಿದ್ದಂತೆ ನಿಂತಿತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಬಲಗಡೆ ಯಾವುದೋ ಹೊಸ ಅಂಕಣವೊಂದು ಬಂದು ಕೂತಿತು. ಪುಟ ಓದಿ ಸಾರಾಂಶ ಹೇಳಲೇ ಎಂದು ಅದು ಕೇಳುತ್ತಿತ್ತಂತೆ. ಅವರು ಒತ್ತಿದ ಅಕ್ಷರಗಳೆಲ್ಲ ಅದರೊಳಗೆ ಹೋಗಿ ಬೀಳತೊಡಗಿದವು. ನಾನು ಪ್ಲಗ್ ಕಿತ್ತ ದಿನ ಸುದ್ದಿಯಲ್ಲಿ ಬಂದಿದ್ದ ಸಂಗತಿಯೇ ಬ್ರೌಸರ್‌ಗೆ ಬೆಳಿಗ್ಗೆ ತಾನಾಗಿ ಬಂದು ಸೇರಿಕೊಂಡಿತ್ತು. ಅವರು ಕೀಲಿ ಒತ್ತಿದರು, ಒತ್ತಿದರು. ಮ್ಯಾನೇಜರ್ ಗಡಿಯಾರ ನೋಡಿದರು. ಒಂದೇ ಒಂದು ಕ್ಲಿಕ್ ಸಾಕಿತ್ತು ಅದನ್ನು ಮುಚ್ಚಲು. ಚೇತನ್ ಮುಂದೆ ಬಗ್ಗಿ ಕೈ ಚಾಚಿದ.

"ಬ್ಯಾಡ ಕಣೋ." ಅವರು ಅವನ ಕೈಯನ್ನು ಸದ್ದಿನಿಂದಲೇ ಗುರುತಿಸಿ ತಡೆದರು. ಆಮೇಲೆ ಕಿವಿಯಿಂದ ಇಯರ್‌ಫೋನ್ ತೆಗೆದು ಅದರ ವೈರನ್ನೇ ಕಿತ್ತರು. ಯಂತ್ರದ ಗಂಟಲಿನ ಓಡುವ ಇಂಗ್ಲಿಷು ಕೋಣೆಯ ತುಂಬ ಕೇಳಿಸಿತು. "ಸಾರ್, ನನಗೆ ಕಣ್ಣು ಕಾಣಲ್ಲ. ಈ ಕೆಲಸಾನ ನಾನು ಕೇಳ್ಕೊಂಡೇ ಮಾಡಿದೀನಿ. ಇವತ್ತು ಬೆಳಿಗ್ಗೆ ಬ್ರೌಸರ್ ಹೊಸದೇನೋ ಸೇರಿಸ್ಕಂಡದೆ, ನನಗೆ ದಾರಿ ತಪ್ತು. ಉಡುಕ್ತೀನಿ. ಸ್ವಲ್ಪ ಹೊತ್ತು ಕೊಡಿ."

ಆ ಧ್ವನಿಯೊಂದೇ ಓಡುತ್ತಿತ್ತು. ಅವರು ತಲೆ ವಾಲಿಸಿ ಕೇಳುತ್ತಾ, ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು, ಕೊನೆಗೆ ಆ ಅಂಕಣದ ಬಾಗಿಲು ಹುಡುಕಿ ಮುಚ್ಚಿದರು. ಲಾರಿ ಗೇಟು ದಾಟಿತು.

ಮ್ಯಾನೇಜರ್ ಗೋಡೆಯ ಪರದೆಯಿಂದ ಪುಟ್ಟಸ್ವಾಮಿ ಸಾರ್ ಕಡೆ ತಿರುಗಿದರು. "ಕೆಲಸ ಚೆನ್ನಾಗಿದೆ" ಎಂದರು. "ಆದ್ರೆ ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾವು ಯಾರಿಗೆ ಫೋನ್ ಮಾಡೋದು?"

"ಇವರಿಗೇ ಸಾರ್" ಎಂದಳು ಸೌಮ್ಯ. "ಕೆಟ್ಟಾಗ ನಾವೂ ಕೇಳೋದು ಇವರನ್ನೇ."

ಕೆಲಸ ಸಿಕ್ಕಿತು. ವ್ಯಾನಿನಲ್ಲಿ ವಾಪಸು ಬರುವಾಗ ಚೇತನ್ ಅವರ ಸೀಟಿನತ್ತ ಬಗ್ಗಿ, "ನಮಗೆ ಒಂದ್ ಮಾತು ಹೇಳ್ಬಾರ್ದಿತ್ತಾ ಸಾ? ನಾವೇನು ಬೇರೆಯೋರಾ?" ಎಂದ. ಸೌಮ್ಯ ಕಿಟಕಿಯ ಹೊರಗೆ ನೋಡುತ್ತಿದ್ದಳು. "ನಂಗೆ ಗೊತ್ತಿತ್ತು" ಎಂದಳು.

"ಯಾವಾಗ್ನಿಂದವ್ವ?"

"ಇಲ್ದಿರೋ ಫೋಟೋ ತೋರಿಸಿದ್ರಲ್ಲ, ಅವತ್ನಿಂದ."

"ಮತ್ತೆ ಸುಮ್ನಿದ್ದೆ?"

"ನೀವು ಚೆನ್ನಾಗಿ ಓದ್ತಿದ್ರಿ ಸಾ."

ವ್ಯಾನಿನೊಳಗೆ ಅವರು ನಕ್ಕ ನಗು ನನಗಿನ್ನೂ ಕಿವಿಯಲ್ಲಿದೆ. ಮಾರನೆಯ ದಿನದಿಂದ ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ಧ್ವನಿ ಬಹಿರಂಗವಾಗಿಯೇ ಓಡತೊಡಗಿತು. ಚೇತನ್ ಸುದ್ದಿ ಓದುತ್ತಿದ್ದ. ಅವರು ಮನೆಯಲ್ಲಿ ಮೊದಲೇ ಕೇಳಿ ಬಂದಿರುತ್ತಿದ್ದರಿಂದ ಅವನ ತಪ್ಪು ಹಿಡಿಯುವುದೇ ಅವರ ಕೆಲಸ. ಫ್ಯಾಕ್ಟರಿಯವರೂ ಅವರಿಗೇ ಫೋನ್ ಮಾಡುತ್ತಿದ್ದರು, ಅವರನ್ನೇ ಬೈಯುತ್ತಿದ್ದರು. ಬೈಸಿಕೊಂಡ ದಿನ ಅವರು ಬಲು ಖುಷಿಯಾಗಿರುತ್ತಿದ್ದರು.

ಹೋದ ಬೇಸಿಗೆಯಲ್ಲಿ, ಒಂದು ಭಾನುವಾರ, ಹೆಮ್ಮಿಗೆಯ ಮನೆಯ ಜಗಲಿಯಲ್ಲಿ ಕೂತಿದ್ದವರು ಎದೆ ಹಿಡಿದುಕೊಂಡರಂತೆ. ನರಸೀಪುರದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ಸೌಮ್ಯ, ಚೇತನ್, ನಾನು ಒಂದೇ ವ್ಯಾನಿನಲ್ಲಿ ಹೋಗಿ ಮಣ್ಣು ಹಾಕಿ ಬಂದೆವು.

ಹಿಂದಿನ ದಿನ ಶನಿವಾರ ಅವರು ನನ್ನನ್ನು ಮೇಲೆ ಕರೆದಿದ್ದರು. "ನನ್ ತಲೆ ಮೇಲಿರೋ ಟ್ಯೂಬ್‌ಲೈಟ್ ಬಿಚ್ಚಾಕ್ಬುಡಿ ಸಿದ್ರಾಜಣ್ಣ. ನನಗ್ಯಾಕೆ ಅದು, ಸುಮ್ನೆ ನಿಮ್ ಬ್ಯಾಟ್ರಿ ತಿಂತದೆ."

"ನಿಮ್ಗೆ ಬ್ಯಾಡ ಅಂದ್ರೂ ಬಂದೋರಿಗೆ ನೀವು ಕಾಣ್ಬೇಕಲ್ಲ ಸಾ" ಅಂದೆ.

ಅವರು ದನಿ ತಗ್ಗಿಸಿ, "ಈಗ ನಾನು ಎಂಗ್ ಕಾಣ್ತೀನಿ?" ಎಂದು ಕೇಳಿದರು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಕೂದ್ಲು ಪೂರ್ತಿ ಬೆಳ್ಗಾಗದೆ ಸಾ. ಮುಖ ಈ ಗೋಡೆ ಮೇಲಿರೋ ನಿಮ್ ಅಪ್ಪಾಜಿ ಫೋಟೋದಾಗಿದ್ದಂಗೇ ಆಗದೆ. ಗಡ್ಡ ಒಂದ್ ಕಡೆ ಸರಿಯಾಗಿ ಕೆರ್ಕಂಡಿಲ್ಲ."

"ಎಲ್ಲಿ?" ಎಂದು ಕೆನ್ನೆಯ ಮೇಲೆ ಕೈಯಾಡಿಸಿಕೊಂಡರು. ಸಿಗಲಿಲ್ಲ. ನಾನು ಅವರ ಬೆರಳು ಹಿಡಿದು ದವಡೆಯ ಕೆಳಗೆ, ಆ ಜಾಗದ ಮೇಲೆ ಇಟ್ಟೆ.

"ಓ, ಇಲ್ಲಿ" ಎಂದರು. "ಸೋಮವಾರ ಕೆರ್ಕಂಡ್ ಬತ್ತೀನಿ."