ಖಾಲಾ ಹಚ್ಚುತ್ತಿದ್ದ ಊದ್ ಅತ್ತರು

ನಿಪ್ಪಾಣಿಯ ನಮ್ಮ ಪಕ್ಕದ ಮನೆಯ ಖಾಲಾ ಗೋದಾಮಿನಲ್ಲಿ ತಂಬಾಕು ಜರಡಿ ಹಿಡಿಯುತ್ತಿದ್ದರು. ಚಳಿಗಾಲದಲ್ಲಿ ದಿನಾ ಒಗೆಯಲಾಗದ ಸ್ವೆಟರಿಗೆ ಆ ಘಾಟು ಅಂಟಿಕೊಳ್ಳುತ್ತಿತ್ತು. ಹೊರಗೆ ಹೊರಟಾಗಲೆಲ್ಲ ಅದರ ಮೇಲೆ ಊದ್ ಅತ್ತರು ಹಚ್ಚಿ, ತೋಳನ್ನು ನನ್ನ ಮೂಗಿಗೆ ಹಿಡಿಯುತ್ತಿದ್ದರು.

"ಮೂಸಿ ಹೇಳ ಬೇ, ತಂಬಾಕ ಬರತೈತೇನ?"

"ಇಲ್ರಿ ಖಾಲಾ," ಎಂದು ಸುಳ್ಳು ಹೇಳುತ್ತಿದ್ದೆ.

ಒಮ್ಮೆ ನಾವಿಬ್ಬರೂ ಚಿಕ್ಕೋಡಿಗೆ ಹೋಗುವಾಗ, ಬಸ್ಸಿನಲ್ಲಿ ಪಕ್ಕದಲ್ಲಿದ್ದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದುಹೋದಳು. ಖಾಲಾ ಕಿಟಕಿ ಸರಿಸಿ, ಥಂಡಿ ಗಾಳಿಗೆ ನಡುಗುತ್ತ ಕೂತರು. ಆಮೇಲೆ ಎಂದೂ ನನ್ನನ್ನು ಕೇಳಲಿಲ್ಲ.

ಅವರಿಲ್ಲದ ಮೊದಲ ಚಳಿಗಾಲವಿದು. ನಿನ್ನೆ ಅದೇ ಅತ್ತರು ತಂದು ನನ್ನ ಸ್ವೆಟರಿಗೆ ಹಚ್ಚಿಕೊಂಡೆ. ಸುಟ್ಟ ಕಟ್ಟಿಗೆಯಂಥ, ಧೂಪದಂಥ ಆ ಗಾಢ ಘಮ ಬಂತು. ತೋಳು ಮೂಸಿ ಮೂಸಿ ನೋಡಿದೆ.

ತಂಬಾಕು ಬರಲಿಲ್ಲ.