ಬಣ್ಣ ಬಳಿಯದ ಕಾಲು

ಪ್ಲಾಸ್ಟರ್ ಗಟ್ಟಿಯಾಗುವ ತನಕ ಅಲುಗಾಡಬಾರದು. ಅಲುಗಾಡಿದರೆ ಅಚ್ಚು ಕೆಡುತ್ತದೆ. ಅಚ್ಚು ಕೆಟ್ಟರೆ ಅದರ ಮೇಲೆ ಮಾಡಿದ ಕಾಲು ಜೀವಮಾನವಿಡೀ ಕಚ್ಚುತ್ತದೆ. ಇದನ್ನು ಎಷ್ಟು ಹೇಳಿದರೂ ಹೊಸದಾಗಿ ಕಾಲು ಕಳೆದುಕೊಂಡು ಬಂದವರು ಸುಮ್ಮನೆ ಕೂರುವುದಿಲ್ಲ. ಒದ್ದೆ ಪಟ್ಟಿ ಕಾಲಿನ ಮೊಂಡಿಗೆ ತಾಗಿದೊಡನೆ ನಡುಗುತ್ತಾರೆ, ಅದನ್ನು ನೋಡಬಾರದೆಂದು ಅತ್ತಿತ್ತ ಹೊರಳುತ್ತಾರೆ. ಅದಕ್ಕಾಗಿಯೇ ನನ್ನ ಗೆಳೆಯ ತನ್ನ ವರ್ಕ್‌ಶಾಪಿನ ಗೋಡೆಗೆ ಹಳೆಯ ಟಿವಿಯೊಂದನ್ನು ಕೂರಿಸಿದ್ದ. ಪಟ್ಟಿ ಸುತ್ತಿ ಮುಗಿಸಿ, ಕೈ ತೊಳೆದು, ಒಂದು ಕ್ಯಾಸೆಟ್ ತುರುಕುತ್ತಿದ್ದ. ಯಾವುದನ್ನು ತುರುಕಿದರೂ ಒಂದೇ ಜಾತಿಯ ಸಿನಿಮಾ: ಯಂತ್ರಮಾನವರದು, ಅರ್ಧ ಮನುಷ್ಯ ಅರ್ಧ ಲೋಹವಾದವರದು, ಬಿಸಿಲೇ ಬೀಳದ ಮುಂದಿನ ಕಾಲದ ಊರುಗಳದು. ಕೆಲವು ನಾವು ಹುಟ್ಟುವ ಮೊದಲಿನವು, ಉಳಿದವು ನಾವು ಚಡ್ಡಿ ಹಾಕುತ್ತಿದ್ದಾಗಿನವು. ಬಂದ ವಾರವೇ ಥಿಯೇಟರಿನಿಂದ ಎತ್ತಂಗಡಿಯಾಗಿ, ಆಮೇಲೆ ಇವನಂಥ ನಾಲ್ಕು ಜನ ಹುಚ್ಚರ ದೆಸೆಯಿಂದ ಉಳಿದುಕೊಂಡವು.

ಜನ ಅವನನ್ನು ರೋಬೋ ಎಂದೇ ಕರೆಯುತ್ತಿದ್ದರು. ನಮ್ಮ ಊರಿನಲ್ಲಿ ಕೃತಕ ಕಾಲು ಮಾಡುವವನು ಅವನೊಬ್ಬನೇ. ಅಷ್ಟು ಜನರನ್ನು ಎಬ್ಬಿಸಿ ನಡೆಸಿದವನಿಗೆ ತನ್ನ ಕಾಲಿನ ಸರದಿ ಬಂದಾಗ ಏನಾಯಿತು ಎಂಬುದನ್ನು ಬರೆಯಲು ಕೂತಿದ್ದೇನೆ. ಬೇರೆ ಯಾರು ಬರೆದರೂ ಮೂರ್ಖ ಎಂದೋ ಮೊಂಡ ಎಂದೋ ಬರೆದುಬಿಡುತ್ತಾರೆ. ಅವನು ಎರಡೂ ಅಲ್ಲ.

ನಾನು ಅವನ ಬಳಿ ಹೋದದ್ದು ಲಾರಿಯೊಂದು ನನ್ನ ಬಲಗಾಲಿನ ಮೇಲೆ ಹರಿದ ವರ್ಷ. ಶಾಲೆಯಲ್ಲಿ ಚರಿತ್ರೆ ಹೇಳಿಕೊಡುವ ಕೆಲಸ. ನಿಂತು ಪಾಠ ಮಾಡುವುದು ಇನ್ನು ಮುಗಿಯಿತು ಎಂದುಕೊಂಡಿದ್ದೆ. ಅವನು ನನ್ನ ಮುಖ ನೋಡಲಿಲ್ಲ. ಮೊದಲು ಪ್ಯಾಂಟಿನ ಮಡಿಕೆ ಎತ್ತಿ ನೋಡಿದ.

"ಮೊಣಕಾಲು ಇದೆಯಲ್ಲ, ಬಿಡಿ, ನೀವು ರಾಜ," ಎಂದ. "ಮೊಣಕಾಲು ಇಲ್ದೋರು ಬರ್ತಾರೆ, ಅವರನ್ನ ನೋಡಿದ್ರೆ ನೀವು ಇಲ್ಲಿ ಅಳೋಕೆ ನಾಚ್ಕೋತೀರ."

ಪಟ್ಟಿ ಸುತ್ತಿ ಕಪ್ಪುಬಿಳುಪಿನ ಸಿನಿಮಾವೊಂದನ್ನು ಹಾಕಿದ. ಪರದೆಯ ಮೇಲೆ ತಗಡಿನ ಯಂತ್ರಮಾನವನೊಬ್ಬ ಊರನ್ನು ಹಾಳುಗೆಡವಲು ಹೊರಟಿದ್ದ.

"ಮೇಷ್ಟ್ರೇ, ಅವನ ಕಾಲು ನೋಡಿ. ಇನ್ನೂ ಕೆಳಗೆ."

"ಏನಿದೆ?"

"ಬೂಟು. ಒಳಗಿರೋ ಮನುಷ್ಯಂದು. ಲೇಸೂ ಕಟ್ಟಿಲ್ಲ ಬಡ್ಡಿಮಗ. ಈಗ ನೋಡ್ತಾ ಇರಿ."

ಊರು ನಾಶಮಾಡಲು ಬಂದವನು ಮೆಟ್ಟಿಲ ಬಳಿ ಮುಗ್ಗರಿಸಿದ. ಆಸ್ಪತ್ರೆಯಿಂದ ಬಂದಮೇಲೆ ನಾನು ಮೊದಲ ಸಲ ನಕ್ಕದ್ದು ಆಗ. ನಗುವಿಗೆ ತೊಡೆ ಕುಲುಕಿ ಅಚ್ಚು ಬಿರುಕುಬಿಟ್ಟಿತು.

"ನಗೋಕೆ ಯಾರ್ರೀ ಹೇಳಿದ್ರು ನಿಮಗೆ? ನೋಡಿ ಅಂದೆ ಅಷ್ಟೇ. ಇನ್ನು ಮೊದಲಿಂದ ಸುತ್ತಬೇಕು," ಎಂದು ಬೈಯುತ್ತಲೇ ಅವನೂ ನಕ್ಕ.

ಕಾಲು ಸಿಕ್ಕಮೇಲೂ ನಾನು ಹೋಗುವುದು ನಿಲ್ಲಲಿಲ್ಲ. ಶಾಲೆ ಬಿಟ್ಟೊಡನೆ ಅಲ್ಲಿಗೆ. ವರ್ಕ್‌ಶಾಪು ಎಂದರೆ ಉದ್ದನೆಯ ಒಂದೇ ಕೋಣೆ. ಬಾಗಿಲ ಪಕ್ಕ ಅವನ ಹೆಂಡತಿಯ ಹೊಲಿಗೆ ಯಂತ್ರ. ಕಾಲುಗಳ ಬೆಲ್ಟುಗಳನ್ನೂ ಮೊಂಡಿಗೆ ಹಾಕುವ ಚೀಲಗಳನ್ನೂ ಅವರೇ ಹೊಲಿಯುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಡುವೆ ಪ್ಲಾಸ್ಟರ್ ತೊಟ್ಟಿ, ಕಿಟಕಿಯ ಬಳಿ ಉಜ್ಜುವ ಚಕ್ರ, ಮೂಲೆಯಲ್ಲಿ ರಾಳ ಕಾಯಿಸುವ ಒಲೆ. ಗೋಡೆಯುದ್ದಕ್ಕೂ ಬಿಳಿ ಅಚ್ಚುಗಳು, ಯಾರ್‍ಯಾರದೋ ಕಾಲಿನ ಅರ್ಧರ್ಧ.

ಸಿನಿಮಾ ನೋಡುವುದನ್ನು ನಾನು ಕಲಿತದ್ದು ಅಲ್ಲಿ. ಕಥೆಗಾಗಿ ನೋಡುತ್ತಿದ್ದವನು ನಾನು. ಅವನು ಕೀಲುಗಳಿಗಾಗಿ ನೋಡುತ್ತಿದ್ದ. ಲೋಹ ಎಲ್ಲಿ ಮುಗಿದು ಮಾಂಸ ಎಲ್ಲಿ ಶುರುವಾಗುತ್ತದೋ ಅಲ್ಲಿ ಚಿತ್ರವನ್ನು ನಿಲ್ಲಿಸಿ ಹತ್ತಿರ ಹೋಗುತ್ತಿದ್ದ. ಒಂದು ಸಿನಿಮಾದಲ್ಲಿ ಟೈಪಿಸ್ಟ್ ಒಬ್ಬಳಿಗೆ ಕಂಪನಿಯವರು ವೇಗದ ಕೈ ಹಾಕಿಸುತ್ತಾರೆ. ಕೆಲಸ ಬಿಟ್ಟ ದಿನ ಬಾಗಿಲಲ್ಲಿ ನಿಲ್ಲಿಸಿ ಕೈ ಬಿಚ್ಚಿಕೊಂಡು ಕಳಿಸುತ್ತಾರೆ. ಅದನ್ನು ನೋಡುತ್ತಾ ಪ್ಲಾಸ್ಟರ್‌ನಲ್ಲಿ ಕೂತಿದ್ದ ಗಾರೆಯವನೊಬ್ಬ, "ಇವರು ನಮ್ಮ ಕಾಂಟ್ರಾಕ್ಟರಿಗೆ ಖಂಡಿತ ನೆಂಟರು," ಎಂದಿದ್ದ. ಎಲ್ಲರೂ ನಕ್ಕರು. ಕಟ್ಟಡದ ಸಾರುವೆಯಿಂದ ಬಿದ್ದು ಬಂದ ಅವನನ್ನು ನೋಡಲು ಆ ಕಾಂಟ್ರಾಕ್ಟರಿನ ಕಡೆಯವರು ಯಾರೂ ಒಂದು ದಿನವೂ ತಲೆಹಾಕಿರಲಿಲ್ಲ.

ಈ ಸಿನಿಮಾಗಳ ಮೇಲೆ ರೋಬೋಗೆ ಒಂದೇ ತಕರಾರು.

"ಯಾರಿಗೂ ಬೆವರಲ್ಲ ಮೇಷ್ಟ್ರೇ. ಎಂಥೆಂಥ ಕೈ, ಎಂಥೆಂಥ ಕಾಲು, ಗೋಡೆ ಒಡೀತಾವೆ. ಆದ್ರೆ ಒಬ್ಬನಿಗೂ ಕಜ್ಜಿ ಆಗಲ್ಲ, ತರಚಲ್ಲ. ಒಬ್ಬನೂ ಸಂಜೆ ಮನೆಗೆ ಬಂದು ಅದನ್ನ ಬಿಚ್ಚಿ ಮೂಲೆಗಿಟ್ಟು ಅಬ್ಬಾ ಅನ್ನಲ್ಲ."

ಹಾಗೆ ಅನ್ನುವವಳು ಇದ್ದದ್ದು ಒಂದೇ ಒಂದು ಸಿನಿಮಾದಲ್ಲಿ. ಅದರ ಕಥೆ ಹೇಳುವಂಥದ್ದೇನಲ್ಲ. ಸಮುದ್ರದ ತಳದಲ್ಲೊಂದು ಗಣಿ, ಅಲ್ಲಿ ಕೆಲಸಕ್ಕಿರುವ ಒಬ್ಬ ಹೆಂಗಸು, ಅವಳಿಗೆ ಲೋಹದ ಕಾಲು; ಕೊನೆಗೆ ಎಲ್ಲರೂ ಮುಳುಗುತ್ತಾರೆ. ನಟರು ಕೊರಡಿನ ಹಾಗೆ ನಿಂತಿರುತ್ತಾರೆ, ಸಮುದ್ರ ಬಕೆಟ್ಟಿನದು. ನಡುವೆ ಒಂದು ದೃಶ್ಯ. ಪಾಳಿ ಮುಗಿಸಿ ಬಂದ ಅವಳು ಮಂಚದ ಅಂಚಿನಲ್ಲಿ ಕೂತು ಕಾಲು ಕಳಚಿ ಗೋಡೆಗೆ ಒರಗಿಸುತ್ತಾಳೆ. ಮೊಂಡನ್ನು ಎರಡೂ ಅಂಗೈಯಲ್ಲಿ ಹಿಡಿದು ತಿಕ್ಕುತ್ತಾಳೆ. ಮುಖ ಕಾಣುವುದಿಲ್ಲ. ಅಷ್ಟೇ.

"ಇವಳು ಆ ನಟಿ ಅಲ್ಲ," ಎನ್ನುತ್ತಿದ್ದ ಅವನು. "ನಟಿಗೆ ಎರಡೂ ಕಾಲಿದೆ, ಮೊದಲ್ನೇ ಸೀನಲ್ಲೇ ಓಡ್ತಾಳೆ. ಆ ಚರ್ಮ ನೋಡಿ, ಹೊಲಿಗೆ ಒಳಗೆ ಎಳ್ಕೊಂಡಿರೋದು ನೋಡಿ. ಅದನ್ನ ರಬ್ಬರಲ್ಲಿ ಮಾಡಕ್ಕಾಗಲ್ಲ. ಯಾರನ್ನೋ ಕರ್ಕೊಂಡು ಬಂದು ಕೂರಿಸಿ, ಕೂಲಿ ಕೊಟ್ಟು ಕಳಿಸಿದ್ದಾರೆ."

ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಆ ಹೆಂಗಸು ಇಲ್ಲ. ಅವನು ಒಂದೊಂದಾಗಿ ಹುಡುಕಿದ್ದ. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಆ ದೃಶ್ಯ ತೋರಿಸುತ್ತಿದ್ದ. ಹಿಂದೆ ಮುಂದೆ ಓಡಿಸಿ ಓಡಿಸಿ ಕ್ಯಾಸೆಟ್ ಅಲ್ಲಿಗೇ ಸವೆದು, ಬರಬರುತ್ತಾ ಬಿಳಿ ಗೆರೆಗಳ ನಡುವೆ ಎರಡು ಕೈ ಮಾತ್ರ ಉಳಿದಿದ್ದವು.

ಅವಳು ಗೋಡೆಗೆ ಒರಗಿಸುವ ಆ ಕಾಲು ಅವನಿಗೆ ಬಹಳ ಇಷ್ಟ. ಮೂರು ತೆಳು ಉಕ್ಕಿನ ಸರಳು, ಮೇಲೊಂದು ಬಳೆ, ಕೆಳಗೆ ಪಾದದ ಗಿಣ್ಣಿನ ಕೀಲು. ಮುಚ್ಚುಮರೆಯಿಲ್ಲ. ಅಂಥದೊಂದನ್ನು ಮಾಡಬೇಕೆಂಬ ಆಸೆ ಅವನಿಗೆ ಮೊದಲಿನಿಂದ ಇತ್ತು. ಕೇಳುವವರು ಬೇಕಲ್ಲ? ಬಂದವರಿಗೆಲ್ಲ ಬೇಕಾದದ್ದು ಚರ್ಮದ ಬಣ್ಣ. ಅವರವರ ತೋಳಿನ ಪಕ್ಕ ಡಬ್ಬಿ ಹಿಡಿದು ಬಣ್ಣ ಬೆರೆಸುವುದರಲ್ಲೇ ಅವನ ಅರ್ಧ ದಿನ ಹೋಗುತ್ತಿತ್ತು. ನಾನೂ ಅವರಲ್ಲೊಬ್ಬ. "ಮೇಷ್ಟ್ರಿಗೆ ಸ್ವಲ್ಪ ಬಿಳುಪು ಜಾಸ್ತಿ ಹಾಕಿದ್ದೀನಿ, ಮದುವೆ ಗಂಡು ಅಂತ," ಎಂದು ಕೆಣಕಿದ್ದ.

ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಅವನ ಬಳಿ ಬರುವವರಲ್ಲಿ ಅರ್ಧ ಜನ ಅದರಿಂದಲೇ ಕಾಲು ಕಳೆದುಕೊಂಡವರು. ಅವರಿಗೆಲ್ಲ ಪಾದ ನೋಡಿಕೊಳ್ಳಿ ಎಂದು ಬುದ್ಧಿ ಹೇಳುತ್ತಿದ್ದ. ಒಂದು ಮಧ್ಯಾಹ್ನ ಕುದಿಯುವ ರಾಳದ ಹನಿಯೊಂದು ಅವನ ಎಡಪಾದದ ಮೇಲೆ ಬಿತ್ತು. ಅವನಿಗೆ ಗೊತ್ತೇ ಆಗಲಿಲ್ಲ. ಪಾದದಲ್ಲಿ ನೋವು ಸತ್ತು ಯಾವ ಕಾಲವಾಗಿತ್ತೋ. ವಾರ ಕಳೆದಮೇಲೆ ಕಾಲುಚೀಲ ಒಗೆಯಲು ತೆಗೆದುಕೊಂಡ ಅಕ್ಕ ಅದನ್ನು ಮೂಸಿ ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಡಾಕ್ಟರು ಅವನ ಹಳೆಯ ಪರಿಚಯದವರೇ, ಎಷ್ಟೋ ರೋಗಿಗಳನ್ನು ಅವನ ಬಳಿ ಕಳಿಸಿದವರು. ಸುತ್ತಿಬಳಸಿ ಮಾತಾಡಲಿಲ್ಲ. "ಪಾದ ಉಳಿಯಲ್ಲ. ಈಗಲೇ ತೆಗೆದ್ರೆ ಮೊಣಕಾಲಿನ ಕೆಳಗೆ ಮುಗಿಯುತ್ತೆ. ನಾಳೆ ಬಂದು ಅಡ್ಮಿಟ್ ಆಗು."

"ಸ್ವಲ್ಪ ಟೈಮು ಕೊಡಿ," ಎಂದ ರೋಬೋ.

"ಯಾಕೆ? ನಿನಗೆ ನಾನು ಹೇಳಿಕೊಡಬೇಕೇನಯ್ಯಾ?"

"ಕಾಲು ಮಾಡ್ಕೊಂಡು ಬರ್ತೀನಿ."

ಡಾಕ್ಟರು ತಮಾಷೆ ಎಂದುಕೊಂಡರು. ಹೊರಗೆ ಬಂದಮೇಲೆ ಅವನು ನನಗೂ ಅಕ್ಕನಿಗೂ ವಿವರಿಸಿದ. ಕಾಲು ತೆಗೆದಮೇಲೆ ಗಾಯ ಮಾಯಬೇಕು, ಊತ ಇಳಿಯಬೇಕು. ಅದು ತಿಂಗಳುಗಳ ಮಾತು. ಅಲ್ಲಿಯ ತನಕ ಅವನು ಚಕ್ರದ ಮುಂದೆ ನಿಲ್ಲಲಾರ. ಅವನು ನಿಲ್ಲದಿದ್ದರೆ ಅವನ ಕಾಲನ್ನು ಮಾಡುವವರು ಯಾರು? ಕಾಲಿಲ್ಲದೆ ನಿಲ್ಲುವಂತಿಲ್ಲ, ನಿಲ್ಲದೆ ಕಾಲು ಮಾಡುವಂತಿಲ್ಲ. ಮೊಂಡು ಕೂರುವ ಬಟ್ಟಲನ್ನು ಕೂತುಕೊಂಡೇ ಮಾಡಬಹುದು, ಅದು ಆಮೇಲಿನದು. ಆದರೆ ಸರಳು, ಬಳೆ, ಗಿಣ್ಣು, ಪಾದ, ಇವನ್ನೆಲ್ಲ ಈಗಲೇ ಮಾಡಿಟ್ಟುಕೊಳ್ಳಬೇಕು.

"ಬೇರೆ ಊರಲ್ಲಿ ಮಾಡಿಸಿಕೊಂಡ್ರಾಯ್ತು ಕಣ್ರೀ," ಎಂದರು ಅಕ್ಕ. "ಯಾವ ಕಾಲಾದ್ರೇನು, ಜೀವ ಮುಖ್ಯ."

"ಊರಿಗೆಲ್ಲ ಕಾಲು ಮಾಡಿದೋನು ಇನ್ನೊಬ್ಬ ಮಾಡಿದ ಕಾಲಲ್ಲಿ ಓಡಾಡ್ಲಾ? ನಾಲ್ಕು ದಿನ ಕಣೇ. ನಾಲ್ಕು ದಿನಕ್ಕೆ ಏನಾಗಲ್ಲ."

ಆ ಮಾತಿನಲ್ಲಿ ತರ್ಕ ಇತ್ತು, ಅದೇ ಅದರ ಕೇಡು. ಬೇರೆ ಯಾವ ರೋಗಿಗೂ ಹಾಗೆ ತಡಮಾಡಲು ಕಾರಣ ಸಿಗುತ್ತಿರಲಿಲ್ಲ.

ಆ ದಿನಗಳಲ್ಲಿ ಅವನಷ್ಟು ಗೆಲುವಾದ ಮನುಷ್ಯನನ್ನು ನಾನು ಕಂಡಿಲ್ಲ. ಬಂದವರನ್ನೆಲ್ಲ ಮುಂದಿನ ತಿಂಗಳು ಬನ್ನಿ ಎಂದು ಕಳಿಸಿದ. ಸಮುದ್ರದ ಸಿನಿಮಾ ಹಾಕಿ ದೃಶ್ಯ ನಿಲ್ಲಿಸಿದ. ಟಿವಿಯ ಗಾಜಿಗೆ ತೆಳು ಕಾಗದ ಒತ್ತಿ ಹಿಡಿಯಲು ನನಗೆ ಹೇಳಿ, ನಡುಗುವ ಗೆರೆಗಳ ನಡುವಿನಿಂದ ಆ ಕಾಲನ್ನು ಪೆನ್ಸಿಲಿನಲ್ಲಿ ಇಳಿಸಿಕೊಂಡ. ಮೂರು ಸರಳು, ಒಂದು ಬಳೆ. "ನನಗೆ ಬಣ್ಣ ಬೇಡಪ್ಪ," ಎಂದ. "ಚಡ್ಡಿ ಹಾಕ್ಕೊಂಡು ಓಡಾಡ್ತೀನಿ, ನೋಡೋರು ನೋಡ್ಲಿ."

"ಮಕ್ಕಳು ಹಿಂದೆ ಬೀಳ್ತಾರೆ," ಎಂದೆ ನಾನು.

"ಟಿಕೆಟ್ ಇಡೋಣ ಬಿಡಿ."

ಇಡೀ ದಿನ ಚಕ್ರದ ಮುಂದೆ ನಿಂತಿರುತ್ತಿದ್ದ. ನಿಂತದ್ದು ಅದೇ ಕಾಲಿನ ಮೇಲೆ. ನೋವಿದ್ದಿದ್ದರೆ ಅದು ಅವನನ್ನು ಕೂರಿಸುತ್ತಿತ್ತು. ಅಕ್ಕ ಗಂಟೆಗೊಮ್ಮೆ ಸ್ಟೂಲು ತಂದು ಹಿಂದೆ ಇಡುತ್ತಿದ್ದರು, ಅವನು ಹಿಮ್ಮಡಿಯಲ್ಲಿ ತಳ್ಳುತ್ತಿದ್ದ. ನಾಲ್ಕು ದಿನ ಎಂದದ್ದು ಬೆಳೆಯಿತು. ಗಿಣ್ಣಿನ ಕೀಲು ಮನಸ್ಸಿಗೆ ಒಪ್ಪಲಿಲ್ಲ, ಬಿಚ್ಚಿ ಮತ್ತೆ ಮಾಡಿದ. ಅದರೊಳಗಿನ ರಬ್ಬರನ್ನು ತನ್ನ ತೂಕಕ್ಕೆ ಸರಿಯಾಗಿ ಕೊರೆದು ಕೂರಿಸಿದ. ಬಳೆಯನ್ನು ಉಜ್ಜಿ ಉಜ್ಜಿ ಮುಖ ಕಾಣುವಂತೆ ಮಾಡಿದ. ಮುಗಿದ ದಿನ ಅದನ್ನು ಗೋಡೆಗೆ ಒರಗಿಸಿ, ಸಿನಿಮಾದಲ್ಲಿ ಅವಳು ಒರಗಿಸಿದ ಹಾಗೆಯೇ ಒರಗಿದೆಯೇ ಎಂದು ದೂರದಿಂದ ನೋಡಿದ. ಸ್ವಲ್ಪ ಓರೆ ಮಾಡಿದ. ಆಮೇಲೆ, "ಯಾಕೋ ಚಳಿ ಆಗ್ತಿದೆ," ಎಂದು ಅಕ್ಕನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟ.

ಆಸ್ಪತ್ರೆಯಲ್ಲಿ ಡಾಕ್ಟರು ಚಾದರ ಎತ್ತಿ ನೋಡಿದರು. ಪಾದದ ಕಪ್ಪು ಏರಿ ಮೀನಖಂಡವನ್ನು ದಾಟಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ನಮಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

ಆಪರೇಷನ್ ಮುಗಿದು ಅವನಿಗೆ ಎಚ್ಚರವಾದಾಗ ಮಂಚದ ಒಂದು ಕಡೆ ಅಕ್ಕ, ಇನ್ನೊಂದು ಕಡೆ ನಾನು. ಅವನು ಚಾದರದ ಕೆಳಗೆ ಕೈ ಹಾಕಿ ಸೊಂಟದಿಂದ ಗೇಣು ಹಾಕುತ್ತಾ ಹೋದ, ಬಂದವರನ್ನೆಲ್ಲ ಅಳೆಯುತ್ತಿದ್ದ ಹಾಗೆಯೇ. ಕೈ ಬೇಗ ನಿಂತಿತು.

"ಮೊಣಕಾಲು?"

ಅಕ್ಕ ಮುಖ ತಿರುಗಿಸಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ.

ಅವನು ಕೈ ಹೊರಗೆಳೆದುಕೊಂಡ. "ಹಾಗಾದ್ರೆ ಆ ಕಾಲು ನನಗಾಗಲ್ಲ, ಅದು ಮೊಣಕಾಲಿರೋರ ಅಳತೆ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟು ಚೆನ್ನಾಗಿ ಬಂದಿತ್ತಲ್ವಾ ಮೇಷ್ಟ್ರೇ?" ಎಂದ.

"ಚೆನ್ನಾಗಿ ಬಂದಿತ್ತು," ಎಂದೆ.

ವಿಷ ಆಗಲೇ ರಕ್ತಕ್ಕೆ ಇಳಿದಿತ್ತು. ಆ ವಾರ ಮುಗಿಯುವ ಮೊದಲೇ ಹೋದ. ಕೊನೆಯ ಎರಡು ದಿನ ಇಲ್ಲದ ಪಾದ ಉರಿಯುತ್ತಿದೆ, ರಾಳ ಬಿದ್ದಿದೆ, ಒರೆಸಿ ಎಂದು ಕೂಗುತ್ತಿದ್ದ. ಇದ್ದಾಗ ಸುಮ್ಮನಿದ್ದ ಪಾದ ಹೋದಮೇಲೆ ನೋಯತೊಡಗಿತು. ಅಕ್ಕ ಚಾದರದ ಖಾಲಿ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

ವರ್ಕ್‌ಶಾಪಿನಲ್ಲಿ ಅವನದೇ ಒಂದು ಕಟ್ಟಳೆ ಇತ್ತು. ಯಾರಾದರೂ ತೀರಿಕೊಂಡರೆ ಮನೆಯವರಿಂದ ಕಾಲನ್ನು ಕೇಳಿ ತರುತ್ತಿದ್ದ. ಕೇಳುವುದು ಕಷ್ಟದ ಕೆಲಸ, ಎಷ್ಟೋ ಸಲ ಬೈಸಿಕೊಂಡು ಬಂದಿದ್ದಾನೆ. ತಂದು ಬಿಚ್ಚುತ್ತಿದ್ದ: ಕೀಲು ಒಬ್ಬರಿಗೆ, ಬೆಲ್ಟಿನ ಕೊಂಡಿ ಇನ್ನೊಬ್ಬರಿಗೆ. ಕಾಲು ಸುಮ್ಮನೆ ನಿಲ್ಲಬಾರದು ಎನ್ನುತ್ತಿದ್ದ.

ಕೋಣೆ ಖಾಲಿ ಮಾಡುವ ದಿನ ಅಕ್ಕ ನನಗೆ ಹೇಳಿ ಕಳಿಸಿದರು. ಅಚ್ಚುಗಳೆಲ್ಲ ಹೋಗಿದ್ದವು. ಗೋಡೆಗೆ ಒರಗಿ ಅದೊಂದೇ ಇತ್ತು, ಅವನು ಇಟ್ಟ ಅದೇ ಓರೆಯಲ್ಲಿ.

"ನೀವೇ ಬಿಚ್ಚಿ," ಎಂದರು. "ನನ್ನ ಕೈಲಿ ಆಗಲ್ಲ."

"ಇರಲಿ ಬಿಡಿ ಅಕ್ಕ, ಒಂದು ನೆನಪಿಗೆ."

"ಇದೊಂದಕ್ಕೋಸ್ಕರ ಹೋದ ಮನುಷ್ಯ. ಇದನ್ನ ನಾನು ದಿನಾ ನೋಡ್ಕೊಂಡು ಕೂರ್ಲಾ?" ಎಂದವರು, "ಬೇರೆಯವರದನ್ನೆಲ್ಲ ಬಿಚ್ಚಲಿಲ್ವಾ ಅವರು?" ಎಂದರು.

ಬಿಚ್ಚಿದೆ. ಸರಳುಗಳನ್ನೂ ಬಳೆಯನ್ನೂ ಪಾದವನ್ನೂ ಪಕ್ಕದೂರಿನ ಕಾಲು ಮಾಡುವವನಿಗೆ ಒಯ್ದುಕೊಟ್ಟೆ. ಗಿಣ್ಣನ್ನು ಮಾತ್ರ ಕೊಡಲಿಲ್ಲ. ನನ್ನ ಹಳೆಯ ಗಿಣ್ಣು ಸವೆದಿತ್ತು. ಇದನ್ನು ಆ ಪಕ್ಕದೂರಿನವನ ಕೈಯಲ್ಲೇ ಹಾಕಿಸಿಕೊಂಡೆ. ಹಾಕುವಾಗ ಕೆಳಭಾಗದ ಬಣ್ಣದ ಹೊದಿಕೆಯನ್ನು ಕತ್ತರಿಸಬೇಕಾಯಿತು. ಮತ್ತೆ ಮುಚ್ಚಿಕೊಡಲೇ ಎಂದು ಕೇಳಿದ, ಬೇಡ ಎಂದೆ.

ರೋಬೋ ನನಗಿಂತ ಬಹಳ ದಪ್ಪ. ಆ ರಬ್ಬರು ಅವನ ತೂಕಕ್ಕೆ ಕೊರೆದದ್ದು, ನನ್ನ ತೂಕಕ್ಕೆ ಬಗ್ಗುವುದಿಲ್ಲ. ಹಿಮ್ಮಡಿ ನೆಲ ಮುಟ್ಟಿದಾಗೆಲ್ಲ ನನ್ನ ಮೊಣಕಾಲನ್ನು ಮುಂದಕ್ಕೆ ನೂಕುತ್ತದೆ. ಇಳಿಜಾರಿನಲ್ಲಿ ಗೋಡೆ ಹಿಡಿದು ಹೋಗಬೇಕು. ಮೆತ್ತಗಿನದನ್ನು ಹಾಕಿಸಿಕೊಂಡರೆ ಸರಿಹೋಗುತ್ತದೆ ಎಂದು ಪಕ್ಕದೂರಿನವನು ಎರಡು ಸಲ ಹೇಳಿದ್ದಾನೆ. ಇನ್ನೂ ಹಾಕಿಸಿಲ್ಲ.